ಎಂಜಿನ್ ದೋಣಿಯ ಮುಂಜಾನೆ ತಪಾಸಣೆ

ನನಗೆ ಈಜು ಬರುವುದಿಲ್ಲ. ಹೀಗಿದ್ದೂ ಒಂದು ಮಳೆಗಾಲವಿಡೀ ಕೃಷ್ಣೆಯ ದಂಡೆಯಲ್ಲಿ ಎಂಜಿನ್ ದೋಣಿಯೊಂದರ ಉಸ್ತುವಾರಿ ನೋಡಿಕೊಂಡೆ ಎಂದರೆ ನೀವು ನಗಬಹುದು. ನಗಿ, ನಾನೇನೂ ತಪ್ಪು ತಿಳಿಯುವುದಿಲ್ಲ.

ಮಹಾಯುದ್ಧ ಮುಗಿದ ಹೊಸತು, ನಿಜಾಮರ ಆಡಳಿತ. ನನ್ನ ಊರು ಮಾನ್ವಿ. ದೇವದುರ್ಗದಲ್ಲಿ ನದಿಯ ನೀರು ಅಳೆಯುವ ಕಚೇರಿಯೊಂದರಲ್ಲಿ ಗುಮಾಸ್ತಿಕೆ. ರಾಯಚೂರಿನಿಂದ ಲಾರಿ ಏರಿ ಬಂದ ಆ ಸಣ್ಣ ದೋಣಿಯನ್ನು ಗೂಗಲ್ ಎಂಬ ಹಳ್ಳಿಯ ದಂಡೆಯಲ್ಲಿ ಇಳಿಸಿದರು. ಜೊತೆಗಿದ್ದ ಇಂಗ್ಲಿಷ್ ಕಾಗದವನ್ನು ಓದಬಲ್ಲವನು ನಾನೊಬ್ಬನೇ ಆದ್ದರಿಂದ ದೋಣಿ ನನ್ನ ಕೊರಳಿಗೆ ಬಿತ್ತು. ಓದಲು ಬರುವುದಕ್ಕೂ ಈಜಲು ಬರುವುದಕ್ಕೂ ಇರುವ ವ್ಯತ್ಯಾಸ ಸರ್ಕಾರಕ್ಕೆ ಎಂದೂ ಹೊಳೆದಿಲ್ಲ.

ನಮ್ಮ ಹರಿಗೋಲು ಬಲು ಸಜ್ಜನ. ಬುಟ್ಟಿಯಂತೆ ದುಂಡಗಿರುವುದರಿಂದ ಅದಕ್ಕೆ ಮುಂದು ಹಿಂದು ಎಂಬುದಿಲ್ಲ; ಎಲ್ಲಿ ಕೂತರೂ ಮರ್ಯಾದೆ ಒಂದೇ. ಅಂಬಿಗರ ಯಂಕಪ್ಪ ಅದರ ತೊಗಲನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರೆ ತಪಾಸಣೆ ಮುಗಿಯಿತು. ಎಂಜಿನ್ ದೋಣಿಯದು ಹಾಗಲ್ಲ. ತಳದ ಬಿರಡೆ ಬಿಗಿಯಾಗಿದೆಯೇ, ಎಂಜಿನ್ನನ್ನು ಹಿಂದಿನ ಹಲಗೆಗೆ ಕಚ್ಚಿಸಿದ ತಿರುಪುಗಳು ಸಡಿಲಾಗಿವೆಯೇ, ಪೆಟ್ರೋಲಿಗೆ ನೀರು ಸೇರಿದೆಯೇ, ಎಂಜಿನ್ ಕೈಕೊಟ್ಟರೆ ಹುಟ್ಟು ಇದೆಯೇ, ಎಲ್ಲ ನೋಡಬೇಕು. ಎಂಜಿನ್ ಹೊತ್ತಿಸುವ ಹಗ್ಗ ಜಗ್ಗಿದೊಡನೆ ಮುಂದಕ್ಕೆ ನೆಗೆಯುವ ಜಾತಿ ಅದು. ಎಲ್ಲರೂ ಕುಳಿತ ಮೇಲೆಯೇ ಜಗ್ಗಬೇಕು. ಮೊದಲ ದಿನ ನಾನು ನಿಂತು ಜಗ್ಗಿದೆ. ದೋಣಿ ಹೋಯಿತು, ನಾನು ಮೊಣಕಾಲುದ್ದದ ನೀರಿನಲ್ಲಿ ಉಳಿದೆ. ಪುಣ್ಯಕ್ಕೆ ಅದು ಮರಳುದಿಬ್ಬಕ್ಕೆ ಮೂತಿ ಹಚ್ಚಿ ನಿಂತಿತು. ಅಂದಿನಿಂದ ದಿನವೂ ಮುಂಜಾನೆ ಒಂದು ತಾಸು ತಪಾಸಣೆಗೆ ಕೂರತೊಡಗಿದೆ.

ಇದೆಲ್ಲ ಸರ್ಕಾರಿ ನಿಷ್ಠೆ ಎಂದರೆ ಸುಳ್ಳಾದೀತು. ಆಚೆ ದಂಡೆಯ ಊರು ನನ್ನ ಹೆಂಡತಿ ಶಾಂತವ್ವನ ತವರು. ಹೆರಿಗೆಗೆ ಹೋಗಿದ್ದಳು. ಹೆಣ್ಣು ಕೂಸು ಹುಟ್ಟಿದ ಕಾರ್ಡು ಸುತ್ತಿ ಬಳಸಿ ನನ್ನ ಕೈಸೇರುವ ಹೊತ್ತಿಗೆ ಹೊಳೆ ತುಂಬಿ, ಹರಿಗೋಲುಗಳೆಲ್ಲ ದಂಡೆಯ ಮೇಲೆ ಬೋರಲು ಬಿದ್ದಿದ್ದವು. ರೈಲು ಸೇತುವೆ ಸುತ್ತಿ ಹೋಗಲು ಕಚೇರಿಯ ಸಾಹೇಬರಲ್ಲಿ ರಜೆ ಕೇಳಿದೆ. ದೋಣಿ ಯಾರು ನೋಡಬೇಕು ಎಂದರು. ಸಂಜೆ ಕೆಲಸ ಮುಗಿಸಿ ಕಲ್ಲಿನ ಮೇಲೆ ಕುಳಿತು ಆಚೆಯ ಮಾಳಿಗೆ ಮನೆಗಳನ್ನು ನೋಡುತ್ತಿದ್ದೆ. ಕೂಸಿನ ಮೂಗು ಯಾರ ಹಾಗಿದ್ದೀತು, ನಕ್ಕರೆ ಹೇಗೆ ಕಂಡೀತು ಎಂದು ಊಹಿಸುತ್ತಿದ್ದೆ.

ನೀರು ತುಸು ಇಳಿದಾಗ ಸಾಹೇಬರ ಹುಕುಂ ಬಂತು: ನಾಳೆ ಆಚೆ ದಂಡೆಯಲ್ಲಿ ಅಳತೆ, ನೀವೂ ಬನ್ನಿ. ಮುಂಜಾನೆ ಹೊಸ ಧೋತರ ಉಟ್ಟು, ಕೂಸಿನ ತಲೆಗೆ ತೊಡಿಸುವ ಕುಂಚಿಗೆಯೊಂದನ್ನು ಗಂಟು ಕಟ್ಟಿಕೊಂಡು ತಪಾಸಣೆಗೆ ಕೂತೆ. ಎಂಜಿನ್ ಕಚ್ಚಿದ ಹಲಗೆಯಲ್ಲಿ ಕೂದಲೆಳೆಯಂಥ ಬಿರುಕು. ಉಗುರಾಡಿಸಿದೆ, ಉಗುರು ಒಳಗಿಳಿಯಿತು. ಬೆರಳಿಟ್ಟು ಮುಚ್ಚಿದೆ. ಒಂದಿಷ್ಟು ಮೇಣ ಮೆತ್ತಿದರೆ ಯಾರಿಗೂ ಕಾಣುತ್ತಿರಲಿಲ್ಲ. ಸಾಹೇಬರು ಎಲ್ಲ ಸರಿಯಿದೆಯೇ ಎಂದು ಕೇಳುವುದು ನನ್ನನ್ನೇ.

ಪಕ್ಕದಲ್ಲಿದ್ದ ಯಂಕಪ್ಪ ನನ್ನ ಬೆರಳನ್ನೂ ಗಂಟನ್ನೂ ನೋಡಿ ಮೆಲ್ಲಗೆ ಹೇಳಿದ:

"ನಿಮಗ ಕೂಸಿನ ಮಾರಿ ನೋಡೋದದ, ಖರೆ. ಹೊಳಿಗಿ ಅದು ಗೊತ್ತಿಲ್ರೀ."

ಬೆರಳು ತೆಗೆದೆ. ಸಾಹೇಬರಿಗೆ ತೋರಿಸಿದೆ. ದೋಣಿ ಮತ್ತೆ ಲಾರಿ ಏರಿ ದುರಸ್ತಿಗೆ ರಾಯಚೂರಿಗೆ ಹೋಯಿತು. ಎಲ್ಲರೂ ನನ್ನ ಎಚ್ಚರಿಕೆಯನ್ನು ಹೊಗಳಿದರು. ಆ ಹೊಗಳಿಕೆಯನ್ನು ಹೊಳೆಗೆ ಎಸೆಯಬೇಕೆನಿಸಿತ್ತು.

ದೋಣಿ ಹೋದರೂ ರಜೆ ಸಿಗಲಿಲ್ಲ; ಎರಡು ತಿಂಗಳಾದ ಮೇಲೆ, ಹೊಳೆ ಇಳಿದಾಗ, ಯಂಕಪ್ಪನ ಹರಿಗೋಲಿನಲ್ಲಿ ದಾಟಿದೆ. ಒಯ್ದ ಕುಂಚಿಗೆ ಕೂಸಿಗೆ ಆಗಲೇ ಬಿಗಿಯಾಗಿತ್ತು. ಬಿರುಕಿನ ಕಥೆಯನ್ನು ಸವಿಸ್ತಾರವಾಗಿ ಹೇಳಿ, ಸಂಜೆ ಸಂಜೆ ಈ ಕಡೆಗೇ ನೋಡುತ್ತ ಕೂತದ್ದನ್ನೂ ಹೇಳಿದೆ. ಶಾಂತವ್ವ ಕೂಸನ್ನು ತೊಡೆಯ ಮೇಲೆ ಸರಿಮಾಡಿಕೊಂಡು ಹೇಳಿದಳು:

"ಸಂಜಿಕ ಯಾರು ಕೂಸಿನ್ನ ಹೊರಗ ತರ್ತಾರ್ರೀ? ದಿನಾ ಮುಂಜಾನಿ ಎಳಿಬಿಸಲಿಗೆ ಮಾಳಗಿ ಮ್ಯಾಲ ತಂದು, ನಿಮ್ಮ ಕಡೆ ಎತ್ತಿ ಎತ್ತಿ ತೋರಸ್ತಿದ್ದೆ. ನೀವು ದೋಣ್ಯಾಗ ತಲಿ ಹಾಕ್ಕೊಂಡು ಕುಂತಿರ್ತಿದ್ರಿ."

ಕೂಸಿಗೆ ಕೈಚಾಚಿದೆ. ಅದು ನನ್ನ ಟೋಪಿ, ಮೀಸೆ, ಕೋಟಿನ ಗುಂಡಿ ಒಂದನ್ನೂ ಬಿಡದೆ ನಿಧಾನವಾಗಿ ನೋಡಿತು. ನೋಡಿ ಮುಗಿಸಿ, ತುಟಿ ಸೊಟ್ಟ ಮಾಡಿ, ಅವ್ವನ ಕಡೆ ತಿರುಗಿ ಜೋರಾಗಿ ಅತ್ತಿತು. ಅಷ್ಟು ನಿಷ್ಠುರವಾದ ತಪಾಸಣೆಯನ್ನು ನಾನೂ ಎಂದೂ ಮಾಡಿರಲಿಲ್ಲ.