ಸೂರಿನಡಿಯ ನೂರನಾಲ್ಕು ಇಂಚು

"ನನ್ನ ಹೊಟ್ಟೆಗೆ ಇಳಿದ ಗುಟ್ಟು ಹೊರಗೆ ಬಂದ ಚರಿತ್ರೆಯೇ ಇಲ್ಲ. ಸ್ಕ್ಯಾನ್ ಮಾಡಿದರೂ ಡಾಕ್ಟರಿಗೆ ಕಾಣುವುದಿಲ್ಲ" ಎಂದು ಕಾಫಿ ಬೆಳೆಗಾರ ಮಾಯಿಲಪ್ಪನವರು ಕಂಡಕಂಡವರಿಗೆಲ್ಲ ಹೇಳುತ್ತಿದ್ದರು.

ಗುಟ್ಟು ಇದ್ದದ್ದು ಒಂದೇ. ಕೊಡಗಿನ ಬೆಳೆಗಾರ ಬೆಳಿಗ್ಗೆ ಎದ್ದರೆ, ಹೆಂಡತಿ ಕಾಫಿ ತರುವ ಮೊದಲೇ ಪಕ್ಕದ ತೋಟಕ್ಕೆ ಫೋನ್ ಮಾಡಿ "ನಿಮ್ಮಲ್ಲಿ ಎಷ್ಟು ಇಂಚು ಮಳೆ?" ಎನ್ನುತ್ತಾನೆ. ಯಾರು ಎಷ್ಟೇ ಹೇಳಲಿ, ಮಾಯಿಲಪ್ಪನವರಲ್ಲಿ ಅದಕ್ಕಿಂತ ಜಾಸ್ತಿ. ಅವರ ತೋಟದ ಕಪ್ಪೆಗಳಿಗೂ ಶೀತವಾಗಿ ಸೀನುತ್ತವೆಂದು ಊರು ನಂಬಿತ್ತು. ಹೆಚ್ಚು ಮಳೆ ಬಂದವರಿಗೆ ಬೆಳೆಗಾರರ ಸಂಘದ ಸಭೆಯಲ್ಲಿ ಮುಂದಿನ ಸಾಲಿನ ಬೆತ್ತದ ಕುರ್ಚಿ. ಅದರಲ್ಲಿ ಅವರು ಕೂತು ಕೂತು ಬೆತ್ತಕ್ಕೆ ಅವರದೇ ಆಕಾರ ಬಂದಿತ್ತು. ಮಳೆಮಾಪಕವನ್ನು ಇಟ್ಟದ್ದು ಮಾತ್ರ ಬಯಲಿನಲ್ಲಲ್ಲ, ಮನೆಯ ಸೂರಿನಡಿ. ಇಡೀ ಹೆಂಚಿನ ನೀರು ಅದರ ಬಾಯಿಗೇ.

ಈ ವರ್ಷ ಸಂಘದವರು ಮಳೆ ಲೆಕ್ಕಕ್ಕೆಂದು ಪೊನ್ನಂಪೇಟೆಯ ಚಿತ್ರಾಳಿಂದ ಒಂದು ಆ್ಯಪ್ ಮಾಡಿಸಿದರು. ಮಳೆ ಜೋರಾದ ಆಟಿ ತಿಂಗಳ ಒಂದು ಬೆಳಿಗ್ಗೆ ಮಾಯಿಲಪ್ಪನವರು ನೂರನಾಲ್ಕು ಇಂಚು ಎಂದು ಒತ್ತಿದ್ದೇ, ಆ್ಯಪ್ ಪ್ರಾಣ ಬಿಟ್ಟಿತು. ಮತ್ತೆ ತೆರೆದರೆ ಮತ್ತೆ ಸತ್ತಿತು. 'ವರದಿ ಕಳಿಸಲೇ?' ಎಂದು ಫೋನು ಕೇಳಿತು. ಕಳಿಸಿದರೆ ಗುಟ್ಟು ಹೋದೀತು, ಬಿಟ್ಟರೆ ಕುರ್ಚಿ. ಅವರು ಚಿತ್ರಾಳಿಗೆ ಫೋನ್ ಮಾಡಿದರು.

"ನನ್ನದಲ್ಲ ಕೂಸೇ, ಗುರುತಿನವರೊಬ್ಬರ ಆ್ಯಪ್ ನಿಂತುಹೋಗ್ಯದೆ. ಆ ವರದೀಲಿ ಮಾಪಕ ಎಲ್ಲಿ ಇಟ್ಟದ್ದು ಅಂತ ಬರ್ತದಾ?"

"ಇಲ್ಲ ಮಾವ. ಹೆಸರಿಲ್ಲ, ಜಾಗ ಇಲ್ಲ, ಫೋಟೋ ಇಲ್ಲ. ಎಷ್ಟು ಮಳೆ ಅಂತಾನೂ ನಂಗೆ ಕಾಣಲ್ಲ. ಯಾವ ಪುಟದಲ್ಲಿ, ಎಷ್ಟು ಅಂಕಿ ಒತ್ತಿದಾಗ ನಿಂತಿತು, ಅಷ್ಟೇ. ಕಳಿಸೋ ಮೊದಲು ಅವರೇ ಓದಬಹುದು, ನಿಮ್ಮ ಗುರುತಿನವರು."

ಮಾಯಿಲಪ್ಪನವರು ವರದಿಯನ್ನು ಕನ್ನಡಕ ಹಾಕಿ ಓದಿದರು, ತೆಗೆದು ಓದಿದರು, ಫೋನನ್ನು ತಲೆಕೆಳಗಾಗಿ ಹಿಡಿದು ಕೊಡವಿಯೂ ನೋಡಿದರು. ಗುಟ್ಟು ಉದುರಲಿಲ್ಲ. ಕಳಿಸಿದರು. ಚಿತ್ರಾ ಸರಿಪಡಿಸಿದ ಮೇಲೆ ಆ್ಯಪ್ ಬದುಕಿತು.

ಸಂಘದ ಸಭೆಯಲ್ಲಿ ಚಿತ್ರಾ ಆ್ಯಪ್ ನಿಂತ ಕಾರಣ ವಿವರಿಸಿದಳು: "ಒಂದು ದಿನಕ್ಕೆ ಎರಡಂಕಿ ಇಂಚು ಸಾಕು ಅಂದ್ಕೊಂಡಿದ್ದೆ. ಯಾರೋ ಮೂರಂಕಿ ಹಾಕಿದ್ರು. ಯಾರು ಅಂತ ವರದಿ ಹೇಳಲ್ಲ."

ಹಿಂದಿನ ಸಾಲಿನಿಂದ ಪಕ್ಕದ ತೋಟದ ತೀರ್ಥಪ್ರಸಾದ್ ಮೀಸೆ ತಿರುವುತ್ತ ಎದ್ದರು. "ಹೇಳಬಾರದು ಅಂತಿದ್ದೆ. ಅದು ನಮ್ಮನೆ ಮಳೆ."

ಮಾಯಿಲಪ್ಪನವರ ಕೆಳಗೆ ಬೆತ್ತ ಕಿರುಗುಟ್ಟಿತು. ಕುರ್ಚಿ ಜಾರುತ್ತಿದೆ! ಬಾಯಿಗೆ ಟವೆಲು ತುರುಕಿಕೊಂಡರು, ತಡೆಯಲಾಗಲಿಲ್ಲ.

"ಸುಳ್ಳು ಮಾರಾಯ! ನಿನ್ನ ಮನೆಗಿರೋ ಹೆಂಚು ನನ್ನದ್ರ ಅರ್ಧ ಇಲ್ಲ, ನೂರು ಇಂಚು ಎಲ್ಲಿಂದ ಇಳೀಬೇಕು?"

ಚಿತ್ರಾ ಎರಡೂ ಕೈ ಎತ್ತಿದಳು. "ಮಾವ, ನನ್ನ ಆ್ಯಪ್ ಏನೂ ಹೇಳ್ಲಿಲ್ಲ!"

"ಅಂದ್ರೆ ಇಷ್ಟು ವರ್ಷ ನೀವು ಅಳೆದದ್ದು ಸೂರಿನ ನೀರಾ?" ತೀರ್ಥಪ್ರಸಾದ್ ನಕ್ಕರು.

ಮಾಯಿಲಪ್ಪನವರು ಕುರ್ಚಿಯ ಎರಡೂ ಕೈಗಳನ್ನು ಗಟ್ಟಿಯಾಗಿ ಹಿಡಿದರು.

"ಹೌದು, ಸೂರಿನ ನೀರೇ. ಸೂರಿಗೆ ಅದು ಎಲ್ಲಿಂದ ಬಂತು, ನಿನ್ನ ಮನೆಯಿಂದ ಕಡ ತಂದದ್ದಾ?"