ಎಳೆಯ ತುದಿಯ ವಿಭೂತಿ

ಶಿವಯೋಗಿಯ ಬೆರಳುಗಳ ಬಗ್ಗೆ ಮೊದಲು ಹೇಳಬೇಕು. ಆದದ್ದೆಲ್ಲ ಆ ಬೆರಳುಗಳಿಂದಲೇ ಆಯಿತು.

ಅವನು ಬನಹಟ್ಟಿಯವನು, ಮಗ್ಗದ ಮನೆಯವನು. ಮಗ್ಗದ ಮೇಲೆ ಒಂದು ಹಾಸು ಮುಗಿದು ಹೊಸದು ಏರಿಸುವಾಗ ಹಳೆಯದರ ಒಂದೊಂದು ಎಳೆಗೂ ಹೊಸದರ ಒಂದೊಂದು ಎಳೆಯನ್ನು ಹೊಸೆದು ಸೇರಿಸಬೇಕು. ಇದಕ್ಕೆ ಕೆಚ್ಚುವುದು ಎನ್ನುತ್ತಾರೆ. ಸಾವಿರಾರು ಎಳೆ, ಕೂದಲಿನಷ್ಟು ಸಣ್ಣವು. ಬೆರಳು ಬೆವೆತರೆ ನೂಲು ಜಾರುತ್ತದೆ. ಅದಕ್ಕೇ ಕೆಚ್ಚುವವನ ಪಕ್ಕದಲ್ಲಿ ಒಂದು ಬಟ್ಟಲು ಬೂದಿ ಇರುತ್ತದೆ. ಬೆರಳ ತುದಿ ಬೂದಿಗೆ ಅದ್ದು, ಎಳೆ ಹಿಡಿ, ಹೊಸೆ. ಡಿಪ್ಲೊಮಾ ಮುಗಿಸುವ ತನಕ ಶಿವಯೋಗಿ ಆ ಕೆಲಸ ಮಾಡಿದ್ದ. ಬನಹಟ್ಟಿಯಲ್ಲಿ ಅವನಷ್ಟು ಚುರುಕಾಗಿ ಕೆಚ್ಚುವವರು ಇನ್ನೊಬ್ಬರಿರಲಿಲ್ಲ ಎಂದು ಅವನೇ ಹೇಳುತ್ತಿದ್ದ, ಬೇರೆ ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ.

ಆಮೇಲೆ ಜಮಖಂಡಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಸರ್ವರ್ ರೂಮು ನೋಡಿಕೊಳ್ಳುವ ನೌಕರಿ ಸಿಕ್ಕಿತು. ನಾನು ಅಲ್ಲೇ ಸ್ಕ್ಯಾನ್ ವಿಭಾಗದಲ್ಲಿದ್ದೇನೆ, ಹೆಸರು ಪರಮಾನಂದ. ಸ್ಕ್ಯಾನ್ ರೂಮಿಗೂ ಅವನ ರೂಮಿಗೂ ಒಂದೇ ಗೋಡೆ. ಹನ್ನೊಂದು ವರ್ಷ ಒಂದೇ ಕೆಟಲಿನ ಚಹಾ ಕುಡಿದಿದ್ದೇವೆ. ಆ ರೂಮನ್ನು ಗುಡಿಸಿ ಒರೆಸುತ್ತಿದ್ದವಳು ಹುನ್ನೂರಿನ ಯಂಕವ್ವ. ಚಪ್ಪಲಿ ಹೊರಗೆ ಬಿಟ್ಟು, ಗುಡಿಗೆ ಹೋದ ಹಾಗೆ ಒಳಗೆ ಹೋಗುತ್ತಿದ್ದಳು. ಶಿವಯೋಗಿ ಹಾಗೆ ಕಲಿಸಿದ್ದ.

ಅವನ ರೂಮಿನ ಸಂಗತಿ ನನಗೆ ಅರ್ಥವಾದದ್ದು ಅವನು ಮಗ್ಗದ ಭಾಷೆಯಲ್ಲಿ ಹೇಳಿದ ಮೇಲೆ. ಅಲ್ಲಿ ಮೂರು ದೊಡ್ಡ ಸರ್ವರ್ ಇವೆ. ಒಂದೊಂದರ ಹೊಟ್ಟೆಯಲ್ಲಿ ಹತ್ತು ಹನ್ನೆರಡು ಸರ್ವರುಗಳ ಕೆಲಸ ನಡೆಯುತ್ತದೆ. ಆದರೆ ಮೂರಕ್ಕೂ ಸ್ವಂತದ್ದೆಂದು ಏನೂ ಇಲ್ಲ. ರೋಗಿಗಳ ಫೈಲು, ನನ್ನ ಸ್ಕ್ಯಾನ್ ಚಿತ್ರ, ಔಷಧಿಯ ಪಟ್ಟಿ, ಎಲ್ಲವೂ ಮೂಲೆಯ ಒಂದೇ ಸ್ಟೋರೇಜ್ ಪೆಟ್ಟಿಗೆಯಲ್ಲಿ. ಮಗ್ಗ ಮೂರು, ನೂಲಿನ ಕೋಣೆ ಒಂದು. ನಡುವೆ ಗಾಜಿನ ಎಳೆಗಳು, ಅವುಗಳೊಳಗೆ ಬೆಳಕು ಓಡಾಡುತ್ತದೆ. ದಾರಿ ಎರಡು. ಒಂದು ನಿಂತರೂ ಇನ್ನೊಂದರಲ್ಲಿ ಕೆಲಸ ನಡೆಯಬೇಕು. ಎರಡೂ ನಿಂತರೆ ಸರ್ವರ್ ಜೀವಂತ ಇದ್ದೂ ಕುರುಡಾಗುತ್ತದೆ.

ಕಳೆದ ವರ್ಷದ ಖಂಡೇ ಪೂಜೆಯ ದಿನ, ಅಂದರೆ ಆಯುಧ ಪೂಜೆಯ ದಿನ, ಅವನು ಎಂದಿನಂತೆ ರೂಮನ್ನು ಸಿಂಗರಿಸಿದ. ಆಸ್ಪತ್ರೆಯ ಯಂತ್ರ ನಿಲ್ಲಿಸುವಂತಿಲ್ಲ. ಆದ್ದರಿಂದ ಮೊದಲು ಒಂದು ದಾರಿಯ ಎಳೆ ಬಿಚ್ಚಿ, ಒರೆಸಿ, ಮತ್ತೆ ಹಾಕಿ, ಆಮೇಲೆ ಇನ್ನೊಂದು ದಾರಿಯದನ್ನು ಬಿಚ್ಚಿದ. ಪೂಜೆಗೆಂದು ಎಸಿ ಬಂದ್ ಮಾಡಿದ್ದರು. ಊದುಬತ್ತಿ ಉರಿದರೆ ಎಸಿ ಗಾಳಿಗೆ ಕಿಡಿ ಹಾರುತ್ತದಂತೆ. ಮೊದಲ ಎಳೆಯಿಂದಲೇ ಬೆರಳುಗಳು ಬೆವೆತವು. ಎಳೆಯ ತುದಿ ಜಾರಿತು. ಪಕ್ಕದಲ್ಲೇ ತಟ್ಟೆಯಲ್ಲಿ ವಿಭೂತಿ ಇತ್ತು. ಅವನ ಬೆರಳುಗಳಿಗೆ ಯಾರ ಅಪ್ಪಣೆಯೂ ಬೇಕಾಗಲಿಲ್ಲ, ಅವು ತಟ್ಟೆಗೆ ಇಳಿದು, ಅದ್ದಿಕೊಂಡು, ಎರಡೂ ದಾರಿಯ ಎಳೆಗಳನ್ನು ಹಿಡಿದವು. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಮಗ್ಗದವನ ಬುದ್ಧಿ ಎಲ್ಲಿ ಹೋಗುತ್ತದೆ ಎಂದು ತಮಾಷೆಯನ್ನೂ ಮಾಡಿದೆ. ದೀಪಗಳೆಲ್ಲ ಹಸಿರಾದವು. ಮರುದಿನ ಯಂಕವ್ವ ನಮ್ಮಿಬ್ಬರಿಗೂ ಬನ್ನಿ ಕೊಟ್ಟು, ಬಂಗಾರದಂಗ ಇರೂಣ್ರಿ ಎಂದಳು.

ಹದಿನಾರು ದಿನ ಏನೂ ಆಗಲಿಲ್ಲ. ಹದಿನೇಳನೆಯ ದಿನ ಹನ್ನೊಂದು ಗಂಟೆಗೆ ಆಸ್ಪತ್ರೆಯ ಪರದೆಗಳೆಲ್ಲ ಒಮ್ಮೆಲೇ ನಿಂತವು. ಚಕ್ರ ತಿರುಗುತ್ತದೆ, ಫೈಲು ತೆರೆಯುವುದಿಲ್ಲ.

ಹನ್ನೊಂದೂವರೆಗೆ ಸೌಂದರ್ಯಾ ಎಂಬ ಹತ್ತೊಂಬತ್ತರ ಹುಡುಗಿಯನ್ನು ಬನಹಟ್ಟಿಯಿಂದ ಕರೆತಂದರು. ಜ್ವರ, ಎದೆಯಲ್ಲಿ ಕಫ. ಜೊತೆಯಲ್ಲಿದ್ದವನು ಸೋದರಮಾವ. ಹಿಂದೆ ಒಮ್ಮೆ ನಮ್ಮಲ್ಲೇ ಇದ್ದು ಹೋದವಳು, ಫೈಲು ಇತ್ತು. ಇತ್ತು ಎಂದರೆ ಆ ಪೆಟ್ಟಿಗೆಯೊಳಗೆ ಇತ್ತು. ಕಾಗದದ ಫೈಲುಗಳನ್ನು ಆರು ತಿಂಗಳ ಹಿಂದೆಯೇ ರದ್ದಿಗೆ ಹಾಕಿ ಮುಗಿಸಿದ್ದರು. ಯಾವುದಾದರೂ ಔಷಧಿ ಆಗಿಬರುವುದಿಲ್ಲವೇ ಎಂದು ಡ್ಯೂಟಿ ಡಾಕ್ಟರು ಮಾವನನ್ನು ಕೇಳಿದರು. ಅವನಿಗೆ ಏನು ಗೊತ್ತು, ಇಲ್ಲ ಎಂದ. ಗೊತ್ತಿದ್ದ ತಾಯಿ ಹಿಂದಿನ ಬಸ್ಸಿನಲ್ಲಿ ಬರುತ್ತಿದ್ದಳು.

ಗೋಡೆಯ ಆಚೆ ಶಿವಯೋಗಿ ಹುಡುಕುತ್ತಿದ್ದ. ಮೊದಲು ಸರ್ವರುಗಳದ್ದೇ ತಪ್ಪು ಎಂದುಕೊಂಡು ಒಂದರ ಕೆಲಸವನ್ನು ಇನ್ನೊಂದಕ್ಕೆ ಸಾಗಿಸಲು ನೋಡಿದ, ಸಾಗಲಿಲ್ಲ. ಒಂದನ್ನು ಬಂದ್ ಮಾಡಿ ಮತ್ತೆ ಚಾಲೂ ಮಾಡಿದ. ಅದು ಎದ್ದು ಕಣ್ಣು ಬಿಟ್ಟಿತು, ಆದರೆ ಪೆಟ್ಟಿಗೆ ಅದಕ್ಕೆ ಕಾಣಲಿಲ್ಲ. ಪೆಟ್ಟಿಗೆ ಹಾಳಾಗಿದೆಯೋ ಎಂದು ನೋಡಿದರೆ ಅದರ ಡಿಸ್ಕುಗಳೆಲ್ಲ ನೆಟ್ಟಗಿದ್ದವು. ಕಂಪನಿಯವನು ಫೋನಿನಲ್ಲಿ ಸಾಫ್ಟ್‌ವೇರು ಹಳೆಯದಾಗಿದೆ ಎಂದು ಅರ್ಧ ಗಂಟೆ ಕೊರೆದ. ಕುಣಿಯಲಾರದವಳಿಗೆ ನೆಲ ಡೊಂಕು. ಎಳೆಗಳ ಕಡೆ ಶಿವಯೋಗಿ ನೋಡಲೇ ಇಲ್ಲ. ನೋಡಿದ್ದರೂ ಕಾಣುತ್ತಿದ್ದದ್ದು ಹಸಿರು ದೀಪವೇ, ಆಗಾಗ ಒಂದು ಕ್ಷಣ ಆರಿ ಮತ್ತೆ ಹತ್ತುತ್ತಿತ್ತು. ಕೊನೆಗೆ ಎರಡೂ ದಾರಿಗಳ ಎಳೆಗಳು ಬಂದು ಕೂಡುವ, ಸ್ವಿಚ್ಚು ಎಂಬ ಯಂತ್ರದಲ್ಲಿ ಕೆಟ್ಟ ಸಂದೇಶಗಳ ಲೆಕ್ಕ ತೆರೆದ. ಲಕ್ಷಗಟ್ಟಲೆ. ಬೆಳಕು ಹೋಗುತ್ತಿತ್ತು, ಆದರೆ ಹೊತ್ತದ್ದನ್ನು ಚೆಲ್ಲಿಕೊಂಡು ಹೋಗುತ್ತಿತ್ತು. ಆ ಲೆಕ್ಕ ಶುರುವಾದ ತಾರೀಖು ಖಂಡೇ ಪೂಜೆಯದು, ಅಂದಿನಿಂದ ದಿನೇ ದಿನೇ ಏರಿತ್ತು.

ಅವನು ಗೋಡೆ ಬಡಿದ. ನಾನು ಸ್ಪಿರಿಟ್ ಬಾಟಲಿ ಹಿಡಿದು ಹೋದೆ. ಒರೆಸಲು ನೂಲು ಬಿಡದ ಬಟ್ಟೆ ಬೇಕೆಂದ. ನನ್ನ ಕನ್ನಡಕ ಒರೆಸುವ ಕರಿ ಬಟ್ಟೆಯನ್ನು ಕೊಟ್ಟೆ. ಮೊದಲ ತುದಿಯನ್ನು ಒರೆಸಿದ. ಕರಿ ಬಟ್ಟೆಯ ಮೇಲೆ ಬೆಳ್ಳಗೆ ಒಂದು ಗೆರೆ ಬಿತ್ತು. ಇಬ್ಬರೂ ನೋಡಿದೆವು. ಅವನು ಎರಡನೆಯ ತುದಿಗೆ ಕೈ ಹಾಕಿದ. ಇಪ್ಪತ್ತು ತುದಿ ಒರೆಸುವಷ್ಟರಲ್ಲಿ ಒಂದು ಗಂಟೆ ದಾಟಿ ಐದು ನಿಮಿಷವಾಗಿತ್ತು.

ಪರದೆಗಳು ಬಂದವು. ಸೌಂದರ್ಯಾಳ ಫೈಲು ತೆರೆದವನು ನಾನೇ. ಮೊದಲ ಸಾಲಿನಲ್ಲೇ ಕೆಂಪು ಅಕ್ಷರದಲ್ಲಿ ಒಂದು ಇಂಜೆಕ್ಷನ್ನಿನ ಹೆಸರು, ಅದನ್ನು ಕೊಡಬಾರದು ಎಂದಿತ್ತು. ಅದನ್ನೇ ಹನ್ನೆರಡೂಕಾಲಿಗೆ ಕೊಟ್ಟಾಗಿತ್ತು. ಹುಡುಗಿ ಸತ್ತು ಇಪ್ಪತ್ತು ನಿಮಿಷವಾಗಿತ್ತು. ತಾಯಿ ಆಗ ತಾನೇ ಗೇಟಿನಲ್ಲಿ ಇಳಿಯುತ್ತಿದ್ದಳು. ಅವಳ ಕೂಗು ಸ್ಕ್ಯಾನ್ ರೂಮಿನ ದಪ್ಪ ಬಾಗಿಲನ್ನೂ ದಾಟಿ ಬಂತು. ನನಗೆ ಈಗಲೂ ಆ ಬಾಗಿಲು ಹಾಕಲು ಮನಸ್ಸಾಗುವುದಿಲ್ಲ.

ಸಂಜೆ ಮ್ಯಾನೇಜರ್ ಯುವರಾಜ ಶಿವಯೋಗಿಯನ್ನು ಕರೆದು ಏನಾಯಿತೆಂದು ಬರೆದುಕೊಡಲು ಹೇಳಿದ. ಅವನು ಒಂದೇ ಸಾಲು ಬರೆದ. ಎಳೆಗಳ ತುದಿಗೆ ಧೂಳು ಕೂತಿತ್ತು, ಒರೆಸಿದ ಮೇಲೆ ಸರಿಯಾಯಿತು.

ಧೂಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರಲ್ಲ, ಬರೆದದ್ದು ಅದಕ್ಕಿಂತ ಬೇಗ ಹೋಗುತ್ತದೆ. ವಿಭೂತಿಗೆ ಹೊಲಸು ಎನ್ನಲು ಕೈ ಬರಲಿಲ್ಲ ಎಂದು ಅವನು ಆಮೇಲೆ ನನಗೆ ಹೇಳಿದ. ಅದರಲ್ಲಿ ಅರ್ಧ ನಿಜ. ಇನ್ನರ್ಧ ಅಂಜಿಕೆ. ಅದನ್ನು ಅವನ ಮುಖದ ಮೇಲೆಯೇ ಹೇಳಿದೆ, ಅವನು ಅಲ್ಲಗಳೆಯಲಿಲ್ಲ.

ಧೂಳಿನ ಜವಾಬ್ದಾರಿ ಯಾರದ್ದು? ಯುವರಾಜನಿಗೆ ಹೆಚ್ಚು ಯೋಚಿಸಬೇಕಾಗಲಿಲ್ಲ. ಯಂಕವ್ವನನ್ನು ಕರೆಸಿದ. ಆವತ್ತು ಮುಂಜಾನೆ ರೂಮು ಗುಡಿಸಿದೆಯಾ ಎಂದು ಕೇಳಿದ. ಹೌದು ಎಂದಳು. ವಾಯರಿಗೆ ಕಸಬರಿಗೆ ತಾಗಿತೇ, ಧೂಳು ಎದ್ದಿತೇ ಎಂದು ಕೇಳಿದ. ಸುಳ್ಳು ಹೇಳಿ ಗೊತ್ತಿಲ್ಲದವಳು, ನೆನಪಿಲ್ಲ, ಎದ್ದಿರಬೇಕ್ರಿ ಎಂದುಬಿಟ್ಟಳು. ಅಷ್ಟೇ ಸಾಕಾಯಿತು. ಮಾವನ ಒಂದು ಮಾತು ನಂಬಿ ಇಂಜೆಕ್ಷನ್ ಕೊಟ್ಟ ಡಾಕ್ಟರು, ಕಾಗದ ರದ್ದಿಗೆ ಹಾಕಿಸಿದ ಮಾಲೀಕರು, ಧೂಳು ಎಂದು ಬರೆದವನು, ಎಲ್ಲರೂ ಉಳಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಹುಡುಗಿಯ ಮನೆಯವರಿಗೆ, ಕಸ ಗುಡಿಸುವವಳ ತಪ್ಪಿನಿಂದ ಕಂಪ್ಯೂಟರ್ ನಿಂತಿತ್ತು, ಅವಳನ್ನು ತೆಗೆದುಹಾಕಿದ್ದೇವೆ ಎಂದು ಹೇಳಿ ಕಳಿಸಿದರು. ಯಂಕವ್ವ ಅವರು ಕೊಟ್ಟ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ, ಚಪ್ಪಲಿ ಮೆಟ್ಟಿಕೊಂಡು ಹುನ್ನೂರ ಬಸ್ಸು ಹತ್ತಿದಳು.

ಆ ಸ್ವಿಚ್ಚಿನ ಲೆಕ್ಕ ಓದಲು ಬರುವವನು ಇಡೀ ಆಸ್ಪತ್ರೆಯಲ್ಲಿ ಶಿವಯೋಗಿ ಒಬ್ಬನೇ. ತನ್ನ ತಪ್ಪಿನ ತಾರೀಖನ್ನು ತಾನೇ ಓದಬೇಕು, ತಾನೇ ಬಚ್ಚಿಡಬೇಕು. ಎರಡು ತಿಂಗಳಲ್ಲಿ ಅವನು ಸೊರಗಿಹೋದ. ಊಟಕ್ಕೆ ಕೂತರೆ ಬೆರಳು ತೊಳೆದು ತೊಳೆದು ಏಳುತ್ತಿದ್ದ. ಹಣೆಗೆ ವಿಭೂತಿ ಹಚ್ಚುವುದನ್ನು ಬಿಟ್ಟ. ಕೇಳಿದವರಿಗೆ ಚರ್ಮಕ್ಕೆ ಆಗಿಬರುವುದಿಲ್ಲ ಎನ್ನುತ್ತಿದ್ದ. ನನಗೆ ಮಾತ್ರ ಎಲ್ಲರ ಮೇಲೂ ಸಿಟ್ಟು. ಯುವರಾಜನನ್ನು ಬೈದೆ, ಡಾಕ್ಟರನ್ನು ಬೈದೆ, ಶಿವಯೋಗಿಯನ್ನು ದಿನಾ ಬೈದೆ. ನಾಚಿಕೆ ಇದ್ದರೆ ಹೋಗಿ ಹೇಳು ಎಂದೆ.

ಕೊನೆಗೊಂದು ದಿನ ಅವನು ಇನ್ನೊಂದು ಕಾಗದ ಬರೆದು ಯುವರಾಜನ ಮುಂದಿಟ್ಟ. ಧೂಳಲ್ಲ, ವಿಭೂತಿ. ಗುಡಿಸಿದವಳದಲ್ಲ, ನನ್ನ ಬೆರಳಿನದು. ಯುವರಾಜ ಓದಿ, ಮಡಿಚಿ, ಹಿಂದಕ್ಕೆ ಕೊಟ್ಟ.

“ವಿಭೂತಿಯಿಂದ ಹುಡುಗಿ ಸತ್ತಳು ಅಂತ ನಾ ಹೆಂಗ ಬರಕೊಳ್ಳಲಿ ಶಿವಯೋಗಿ? ಮುಗದ ಕತಿ ಅದು. ಮತ್ತ ಬಿಚ್ಚಬ್ಯಾಡ್ರಿ.”

ಆ ಸಂಜೆಯೇ ಶಿವಯೋಗಿ ರೂಮಿನ ಕೀಲಿಯನ್ನು ಅವನ ಮೇಜಿನ ಮೇಲಿಟ್ಟು ಹೊರಗೆ ಬಂದ. ಮರುದಿನ ಭಾನುವಾರ, ನಾನು ಗಾಡಿ ಹೊಡೆದೆ, ಅವನು ಹಿಂದೆ ಕೂತ. ಹುನ್ನೂರಿಗೆ ಹೋದೆವು.

ಯಂಕವ್ವ ಕಟ್ಟೆಯ ಮೇಲೆ ಮೆಂತೆಪಲ್ಯದ ಸೊಪ್ಪು ಸೋಸುತ್ತಿದ್ದಳು. ಸೊಸೆ ಮನೀಷಾ ಚಹಾ ತಂದಳು. ಅತ್ತೆ ಒಳಗೆ ಹೋದಾಗ ತಗ್ಗಿದ ದನಿಯಲ್ಲಿ ಎಲ್ಲ ಹೇಳಿದಳು. ಮನೆಯ ಕೂಸಿಗೆ ಜ್ವರ ಬಂದರೆ ಅತ್ತೆ ಔಷಧಿ ಚಮಚ ಮುಟ್ಟುವುದಿಲ್ಲವಂತೆ, ನನ್ನ ಕೈ ಛಲೋ ಅಲ್ಲ ಎನ್ನುತ್ತಾಳಂತೆ. ಆಸ್ಪತ್ರೆ ಬಿಟ್ಟ ಮರುವಾರ ಒಬ್ಬಳೇ ಬನಹಟ್ಟಿಗೆ ಹೋಗಿ, ಆ ಹುಡುಗಿಯ ಮನೆ ಹುಡುಕಿ, ತಾಯಿಯ ಕಾಲು ಹಿಡಿದಿದ್ದಳಂತೆ. ತಾಯಿ ಕಾಲು ಬಿಡಿಸಿಕೊಂಡು ಬಾಗಿಲು ಹಾಕಿಕೊಂಡಳಂತೆ. ಅಂದಿನಿಂದ ಅತ್ತೆಗೆ ಹೊಟ್ಟೆ ತುಂಬ ಊಟವಿಲ್ಲ.

ನಾನು ಕೇಳಿಸಿಕೊಂಡೆ. ನೌಕರಿ ಹೋಯಿತೆಂದು ಅತ್ತಿರಬಹುದು, ನಮ್ಮನ್ನು ಶಪಿಸಿರಬಹುದು ಎಂದಷ್ಟೇ ಅಂದುಕೊಂಡು ಬಂದಿದ್ದೆ. ಅವಳು ಆ ಸಾವನ್ನು ನಂಬಿ ತನ್ನದನ್ನಾಗಿ ಮಾಡಿಕೊಂಡಿದ್ದಾಳೆ ಎಂಬುದು ನನ್ನ ತಲೆಗೆ ಹೊಳೆದೇ ಇರಲಿಲ್ಲ.

ಯಂಕವ್ವ ಮತ್ತೆ ಬಂದು ಕೂತಳು. ಶಿವಯೋಗಿ ಕಿಸೆಯಿಂದ ಆ ಕರಿ ಬಟ್ಟೆಯನ್ನು ತೆಗೆದು ಅವಳ ಮುಂದೆ ಹರವಿದ. ಬಿಳಿ ಗೆರೆಗಳು ಹಾಗೇ ಇದ್ದವು. ಎಲ್ಲವನ್ನೂ ಹೇಳಿದ, ಒಂದೂ ಬಿಡಲಿಲ್ಲ. ಪೂಜೆಯ ದಿನ, ಬೆರಳು, ತಟ್ಟೆ, ಲೆಕ್ಕ ಶುರುವಾದ ತಾರೀಖು, ತಾನು ಬರೆದ ಒಂದು ಶಬ್ದ.

“ನಿನ್ನ ಕಸಬರಿಗಿ ತಪ್ಪಲ್ಲ ಯಕ್ಕಾ. ನನ್ನ ಕೈ ತಪ್ಪು.”

ಅವಳು ಬಟ್ಟೆಯನ್ನೇ ನೋಡುತ್ತಿದ್ದಳು. ಅಳಲಿಲ್ಲ, ಬಯ್ಯಲಿಲ್ಲ. ಒಂದೇ ಮಾತು ಕೇಳಿದಳು.

“ನಿಮಗ ಯಾವಾಗ ಗೊತ್ತಾತ್ರಿ?”

“ಅವತ್ತ,” ಎಂದ ಶಿವಯೋಗಿ. “ಅವತ್ತ ಮಧ್ಯಾಹ್ನದಾಗ.”

“ಹಂಗಾರ ನಾ ಬನಹಟ್ಟಿಗೆ ಹೋಗೂಕಿಂತ ಮೊದಲ.”

ಅವನು ಹೌದೆಂದು ತಲೆಯಾಡಿಸಿದ. ಅವಳು ಮುಖವೆತ್ತಿ ನನ್ನ ಕಡೆ ನೋಡಿದಳು. ಎರಡು ತಿಂಗಳು ನಾನು ಊರನ್ನೆಲ್ಲ ಬೈದಿದ್ದೆ. ನನ್ನನ್ನು ಯಾರೂ ಏನೂ ಕೇಳಿರಲಿಲ್ಲ.

“ಮತ್ತ ನಿಮಗ್ರಿ, ಪರಮಾನಂದ ಸರ?”

ಸುಳ್ಳು ಹೇಳಬಹುದಿತ್ತು. ನಾನು ಪಕ್ಕದ ರೂಮಿನವ, ನನಗೇನು ತಿಳಿಯುತ್ತದೆ ಎನ್ನಬಹುದಿತ್ತು. ಶಿವಯೋಗಿ ನನ್ನ ಹೆಸರು ಎತ್ತಿರಲಿಲ್ಲ, ಎತ್ತುವವನೂ ಅಲ್ಲ.

ಬಟ್ಟೆಯ ಕಡೆ ಬೆರಳು ಮಾಡಿ, “ಆ ಅರಬಿ ನಂದ್ರಿ,” ಎಂದೆ.

ಯಂಕವ್ವ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ನನ್ನ ಕೈಗೆ ಕೊಟ್ಟಳು. ಸೋಸಿದ ಪಲ್ಯದ ಬುಟ್ಟಿ ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.