ಮದುವೆಗೆ ಸಾಕ್ಷಿ ಹೇಳಲು ದಾಸನಕೊಪ್ಪದಿಂದ ಬಂದವರು

ಸುವಾ ಪೇಟೆಯಲ್ಲಿ ತರಕಾರಿ ಕೊಳ್ಳುತ್ತಿದ್ದ ನನ್ನನ್ನು ಅಪರಿಚಿತನೊಬ್ಬ ತಡೆದು ಹಿಂದಿಯಲ್ಲಿ ಕೇಳಿದ: "ನೀವು ಇಂಡಿಯಾದವರಾ? ನಮ್ಮ ಹಳ್ಳಿ ನೋಡಿದ್ದೀರಾ?"

"ಯಾವ ಹಳ್ಳಿ?"

"ಅದೇ ಗೊತ್ತಿಲ್ಲ."

ನಾನು ಫಿಜಿಗೆ ಬಂದ ಮೊದಲ ವಾರವದು. ಶಿರಸಿ ತಾಲೂಕಿನ ದಾಸನಕೊಪ್ಪದಲ್ಲಿ ಬೆಳೆದ ನನಗೆ ಇಲ್ಲಿಯ ಆಸ್ಪತ್ರೆಯೊಂದರಲ್ಲಿ ಫಿಸಿಯೋಥೆರಪಿ ಕೆಲಸ ಸಿಕ್ಕಿತ್ತು. ಯಾವೂರೆಂದು ಕೇಳಿದರೆ ನಮ್ಮಲ್ಲಿ ಚಿಕ್ಕ ಮಕ್ಕಳೂ ಹೇಳುತ್ತವೆ. ಇಲ್ಲಿ ಊರಿನ ಹೆಸರನ್ನೇ ಕಳೆದುಕೊಂಡವರ ನಡುವೆ ಬಾಡಿಗೆ ಮನೆ ಹಿಡಿದೆ. ನಮಗೆ ಗಿರ್ಮಿಟ್ಟೆಂದರೆ ಸಂಜೆ ಮಿರ್ಚಿಯ ಜೊತೆ ತಿನ್ನುವ ಚುರುಮುರಿ. ಇವರಿಗೆ ಅದು ಬ್ರಿಟಿಷರ ಕಬ್ಬಿನ ಗದ್ದೆಯಲ್ಲಿ ದುಡಿಯಲು ಮುತ್ತಜ್ಜಂದಿರು ಹೆಬ್ಬೆಟ್ಟೊತ್ತಿದ ಕರಾರು. ಕೆಸುವಿನ ಸೊಪ್ಪು ಇಲ್ಲಿ 'ರೋರೋ'. ಹುಳಿಯಿಲ್ಲದೆ ತೆಂಗಿನ ಹಾಲಲ್ಲೇ ಬೇಯಿಸುತ್ತಾರೆ. ಗಂಟಲು ತುರಿಸೀತೆಂದು ಹೆದರಿದ್ದೆ. ತುರಿಸಲಿಲ್ಲ. ಅದನ್ನು ಮೊದಲು ಬಡಿಸಿದವನು ಪೇಟೆಯಲ್ಲಿ ಸಿಕ್ಕ ಆ ಅಪರಿಚಿತನೇ, ದಿನೇಶ್. ಬಂದರಿನಲ್ಲಿ ದೋಣಿಯ ಎಂಜಿನ್ ರಿಪೇರಿ ಮಾಡುತ್ತಿದ್ದ.

ಮುಂದೆ ನಮ್ಮಿಬ್ಬರ ಮದುವೆ ದಾಸನಕೊಪ್ಪದಲ್ಲಿ, ಅವ್ವ ತೀರಿಕೊಂಡ ಮೇಲೆ ನನ್ನನ್ನು ಸಾಕಿದ ಚಿಗವ್ವನ ಅಂಗಳದಲ್ಲಿ ನಡೆಯಿತು. ದಿನೇಶನಿಗೆ ಆ ಊರು ಎಷ್ಟು ಹಿಡಿಸಿತೆಂದರೆ ಅಲ್ಲೇ ಪಂಪ್‌ಸೆಟ್ ರಿಪೇರಿ ಅಂಗಡಿ ಇಡುವ ಆಸೆ ಹುಟ್ಟಿತು. ಪ್ರವಾಸಿ ವೀಸಾದಲ್ಲಿ ಅದು ಆಗದು. ಒಸಿಐ ಕಾರ್ಡು ಬೇಕು. ಹೆಸರಿಗೆ ಅದು ಸಾಗರೋತ್ತರ ಪೌರತ್ವ, ನಿಜದಲ್ಲಿ ಆಜೀವ ವೀಸಾ.

ಮುತ್ತಜ್ಜ ಭಾರತದವನೆಂದು ತೋರಿಸಿದರೆ ಸಾಕಿತ್ತು. ಆದರೆ ಹಳೆಯ ಹಡಗಿನ ದಾಖಲೆಗಳಲ್ಲಿ ಅದೇ ಹೆಸರಿನವರು ಹಲವರಿದ್ದರು. ಇವನ ಮುತ್ತಜ್ಜ ಯಾರೆನ್ನಲು ಆಧಾರವಿರಲಿಲ್ಲ. ಉಳಿದದ್ದು ಭಾರತೀಯಳ ಗಂಡನೆಂದು ಅರ್ಜಿ ಹಾಕುವ ದಾರಿ.

"ಮುತ್ತಜ್ಜನ ನೆಲಕ್ಕೆ ನಿನ್ನ ಗಂಡನಾಗಿ ಹೋಗಬೇಕಾ?" ಎಂದು ದಿನೇಶ್ ಬೇಸರಿಸಿದ. ಅದಕ್ಕೂ ನೋಂದಣಿ ಪತ್ರ ಬೇಕಿತ್ತು. ನಾವು ಮದುವೆಯನ್ನು ನೋಂದಾಯಿಸಿಯೇ ಇರಲಿಲ್ಲ. ಚಿಗವ್ವನಿಗೆ ಫೋನಿನಲ್ಲಿ ಹೇಳಿದೆ.

"ಕಾಗದ ಇಲ್ಲಂದ್ರ ಏನಾತವಾ, ನಾವು ಅದೀವಲ್ಲ! ಅಳಿಯನ್ನ ಕರ್ಕೊಂಡು ಬಾ."

ಶಿರಸಿಯ ನೋಂದಣಿ ಕಚೇರಿಗೆ ಮೂವರು ಸಾಕ್ಷಿಗಳು ಬೇಕಿತ್ತು. ಚಿಗವ್ವ ಟೆಂಪೊ ತುಂಬ ಜನರನ್ನು ಕರೆತಂದಿದ್ದಳು. ತಾಳಿ ಕಟ್ಟಿಸಿದ ಅಯ್ಯನವರು, ಅಡುಗೆ ಮಾಡಿದವರು, ಕೊಯ್ಲಿನ ಕೆಲಸ ಬಿಟ್ಟು ಬಂದ ನೆರೆಮನೆಯವರು.

ಗುಮಾಸ್ತರು ಬಾಗಿಲತ್ತ ನೋಡಿ ನಕ್ಕರು. "ಮೂರು ಜನ ಸಾಕಿತ್ತು ಮಾರಾಯ್ರೆ, ಇಷ್ಟೆಲ್ಲ ಎಂತಕ್ಕೆ?"

"ಮದ್ವ್ಯಾಗ ಮೂರ ಮಂದೀನ ಉಂಡಿದ್ರೇನ್ರೀ?" ಎಂದಳು ಚಿಗವ್ವ. "ಉಂಡೋರೆಲ್ಲಾ ಬಂದಾರ. ಯಾರನ್ನ ಬೇಕಾರ ಕೇಳ್ರಿ, ಇಂವ ನಮ್ಮ ಅಳಿಯ ಹೌದೋ ಅಲ್ಲೋ ಅಂತ."

ಏನು ಹೇಳಿದಳೆಂದು ದಿನೇಶ್ ಕೇಳಿದ. ಹಿಂದಿಯಲ್ಲಿ ಹೇಳಿದೆ. ಸಹಿಗೆಂದು ಹಿಡಿದ ಪೆನ್ನನ್ನು ಕೆಳಗಿಟ್ಟು ಬಾಗಿಲಲ್ಲಿದ್ದವರತ್ತ ತಿರುಗಿದ. "ಭಾರತದಲ್ಲಿ ನಮ್ಮ ಮನೆಯವನೊಬ್ಬನ ಪರವಾಗಿ ಮಾತಾಡಿದವರನ್ನು ನಾನು ಮೊದಲ ಸಲ ನೋಡುತ್ತಿದ್ದೇನೆ," ಎಂದ. ಗಂಡನಾಗಿ ಹೋಗುವ ಬೇಸರದ ಮಾತನ್ನು ಮತ್ತೆಂದೂ ಎತ್ತಲಿಲ್ಲ.

ನೋಂದಣಿಯಾಗಿ ಎರಡು ವರ್ಷ ಕಳೆದ ಮೇಲಷ್ಟೇ ಅರ್ಜಿ ಹಾಕಬಹುದಿತ್ತು. ಆ ಅವಧಿಯಲ್ಲಿ ದಿನೇಶ್ ಸುವಾದಿಂದಲೇ ಚಿಗವ್ವನೊಡನೆ ಫೋನಿನಲ್ಲಿ ಮಾತಾಡುತ್ತಲೇ ಕನ್ನಡ ಕಲಿತ. ನನ್ನ ಆಸ್ಪತ್ರೆಯ ಇಂಗ್ಲಿಷ್ ಬೆರೆತ ಕನ್ನಡಕ್ಕಿಂತ ಅವನದೇ ಊರಿಗೆ ಹತ್ತಿರದ್ದು. ಅರ್ಜಿ, ಸಂದರ್ಶನ, ವಿಚಾರಣೆ ಎಲ್ಲ ಮುಗಿದು ಕೊನೆಗೆ ಕಾರ್ಡು ಬಂತು.

ಈ ಸಲ ದಾಸನಕೊಪ್ಪದಲ್ಲಿ ಅಂಗಡಿಗೆ ಜಾಗ ನೋಡಿ, ರಜೆ ಮುಗಿದಾಗ ಬಾಯಿತಪ್ಪಿ ಅಂದೆ: "ದಿನೇಶ್, ಇನ್ನು ಮನೆಗೆ ಹೋಗೋಣ."

ಚಿಗವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. "ಯಾವ ಮನಿಗೆ ಹೊಂಟೀಯವಾ? ಇದು ಮನಿ ಅಲ್ಲೇನು?"

ದಿನೇಶ್ ತಟ್ಟೆ ಮುಂದೆ ಚಾಚಿ ಹೇಳಿದ: "ಆಕಿ ಹೋಗ್ಲಿ ಚಿಗವ್ವಾ. ನಾ ಇಲ್ಲೇ ಇರ್ತೀನಿ."

ಎಲ್ಲರೂ ನಕ್ಕೆವು. ಅವನೇನೋ ಆ ಕಾರ್ಡಿನ ಬಲದಿಂದ ಹಾಗೆ ಇರಬಹುದು. ಅವನ ದೇಶದಲ್ಲಿ ನಾನು ಉಳಿಯಲು ಪರವಾನಗಿಯನ್ನು ಮತ್ತೆ ಮತ್ತೆ ನವೀಕರಿಸಬೇಕು. ಅಲ್ಲಿಯ ಪೌರತ್ವ ಕೇಳಬಹುದು. ಆದರೆ ಭಾರತ ಎರಡು ಪೌರತ್ವ ಒಪ್ಪುವುದಿಲ್ಲ; ಅದು ಸಿಕ್ಕರೆ ದಾಸನಕೊಪ್ಪದ ವಿಳಾಸವಿರುವ ಪಾಸ್‌ಪೋರ್ಟನ್ನು ಒಪ್ಪಿಸಬೇಕು. ಇನ್ನೂ ಕೇಳಿಲ್ಲ.